ಕೊಂಡುತಂದ ಹೊಗಳಿಕೆಯ ಬೆಲೆಯೆಷ್ಟು?

ಅಂತರಜಾಲ ಮಾರುಕಟ್ಟೆಯಲ್ಲಿ ಸರಕು ಮಾರುವ ಕಿರು ಉದ್ದಿಮೆದಾರರಿಗೆ ಇತ್ತೀಚಿನ ವರ್ಷಗಳಲ್ಲಿ ಒಂದು ಬಗೆಯ ಪ್ರಸ್ತಾವ ಮೇಲಿಂದ ಮೇಲೆ ಬರುತ್ತಿದೆ. ಇಂತಿಷ್ಟು ಹಣ ಕೊಟ್ಟರೆ ಇಂತಿಷ್ಟು ಮಂದಿ ಸರಕನ್ನು ಕೊಂಡಂತೆ ಮಾಡಿ, ಐದು ಸ್ಟಾರ್ ಹಾಕಿ, ನಾಲ್ಕು ಒಳ್ಳೆಯ ಮಾತು ಬರೆಯುತ್ತಾರೆ ಎಂಬುದೇ ಆ ಪ್ರಸ್ತಾವ. ಐವತ್ತು ಅಭಿಪ್ರಾಯಗಳಿಗೆ ಒಂದು ದರ, ನೂರಕ್ಕೆ ಮತ್ತೊಂದು ದರ. ಕೆಲವೆಡೆ ಇದು ‘ಡಿಜಿಟಲ್ ಪ್ರಚಾರ’ ಎಂಬ ಒಟ್ಟು ಪ್ಯಾಕೇಜಿನ ಒಳಗೆ ಸದ್ದಿಲ್ಲದೆ ಅಡಗಿರುತ್ತದೆ. ಅಗರಬತ್ತಿಯಿಂದ ಮಿಕ್ಸರ್ ಬಿಡಿಭಾಗದವರೆಗೆ, ಉಪ್ಪಿನಕಾಯಿಯಿಂದ ಮರದ ಆಟಿಕೆಯವರೆಗೆ ಯಾವ ಸರಕಿಗಾದರೂ ಈ ಸೇವೆ ದೊರೆಯುತ್ತದೆ.

ಇದು ಸರಿಯೇ ತಪ್ಪೇ ಎಂಬ ನೀತಿಯ ಪ್ರಶ್ನೆ ಒಂದು ಕಡೆಗಿರಲಿ. ವರ್ತಕನ ಮುಂದಿರುವ ಮೊದಲ ಪ್ರಶ್ನೆ ಲಾಭ ನಷ್ಟದ್ದು. ಹಣ ಕೊಟ್ಟು ಬರೆಸಿದ ಮಾತಿನಿಂದ ಸಣ್ಣ ವ್ಯಾಪಾರ ನಿಜವಾಗಿಯೂ ಬೆಳೆಯುತ್ತದೆಯೇ? ಬೆಳೆದರೆ ಎಷ್ಟು ಕಾಲ? ಅದಕ್ಕೆ ತಗಲುವ ಒಟ್ಟು ವೆಚ್ಚವೇನು? ಈ ಮೂರು ಪ್ರಶ್ನೆಗಳಿಗೆ ಇಂದು ಸಾಕಷ್ಟು ಖಚಿತವಾದ ಉತ್ತರಗಳಿವೆ.

ಹೊಸ ಅಂಗಡಿಯ ಹಳೆಯ ಸಂಕಟ

ಈ ಆಮಿಷಕ್ಕೆ ಒಳಗಾಗುವವರೆಲ್ಲರೂ ಮೋಸಗಾರರಲ್ಲ. ಹೊಸದಾಗಿ ಮಾರಾಟಕ್ಕಿಟ್ಟ ಸರಕಿನ ಕೆಳಗೆ ‘ಅಭಿಪ್ರಾಯಗಳಿಲ್ಲ’ ಎಂದಿದ್ದರೆ ಕೊಳ್ಳುವವನು ಮುಂದೆ ಸಾಗುತ್ತಾನೆ. ಕೊಳ್ಳುವವರಿಲ್ಲದೆ ಅಭಿಪ್ರಾಯ ಬರುವುದಿಲ್ಲ, ಅಭಿಪ್ರಾಯವಿಲ್ಲದೆ ಕೊಳ್ಳುವವರು ಬರುವುದಿಲ್ಲ. ಜನರಿಲ್ಲದ ಹೋಟೆಲಿನೊಳಗೆ ಕಾಲಿಡಲು ಹಿಂಜರಿಯುವ ಮನುಷ್ಯಸ್ವಭಾವವೇ ಇಲ್ಲಿಯೂ ಕೆಲಸ ಮಾಡುತ್ತದೆ.

ಬಾಡಿಗೆಯ ಮಂದಿಯಿಂದ ಗಿರಾಕಿಯನ್ನು ಸೆಳೆಯುವ ಉಪಾಯವೂ ಹೊಸದಲ್ಲ. 19ನೆಯ ಶತಮಾನದ ಪ್ಯಾರಿಸ್ಸಿನ ರಂಗಮಂದಿರಗಳಲ್ಲಿ ಚಪ್ಪಾಳೆ ತಟ್ಟಲು, ನಗಲು, ಅಳಲು ಕೂಲಿಯ ಪ್ರೇಕ್ಷಕರಿದ್ದರು. 1820ರ ವೇಳೆಗೆ ಅವರನ್ನು ಒದಗಿಸುವ ಕಚೇರಿಯೇ ಅಲ್ಲಿ ತೆರೆದಿತ್ತು. ಹರಾಜಿನ ಕಟ್ಟೆಯ ಮೇಲೆ ಕೊಳ್ಳುವ ಉದ್ದೇಶವಿಲ್ಲದೆ ಸವಾಲು ಕೂಗುವವನೂ ಇದೇ ಕುಲದವನು. ಅಂತರಜಾಲವು ಈ ಹಳೆಯ ಕಸುಬಿಗೆ ದೂರದ ತಡೆಯನ್ನು ತೆಗೆದುಹಾಕಿತು, ಅಷ್ಟೆ.

ಆಮಿಷ ಇಷ್ಟು ಬಲವಾಗಿರುವುದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಲೂಕಾ ಅವರು ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೋಟೆಲುಗಳ ಲೆಕ್ಕವನ್ನು ಪರಿಶೀಲಿಸಿ, 2011ರಲ್ಲಿ ಮೊದಲು ಹೊರತಂದ ಅಧ್ಯಯನದಲ್ಲಿ ಒಂದು ಅಂಶವನ್ನು ತೋರಿಸಿದರು. ಯೆಲ್ಪ್ ತಾಣದಲ್ಲಿ ಒಂದು ಸ್ಟಾರ್ ಹೆಚ್ಚಾದರೆ ಹೋಟೆಲಿನ ಆದಾಯ ಶೇ. 5ರಿಂದ 9ರಷ್ಟು ಏರುತ್ತದೆ. ಈ ಪರಿಣಾಮ ಕಂಡದ್ದು ಸ್ವತಂತ್ರ ಮಾಲಿಕರ ಹೋಟೆಲುಗಳಲ್ಲಿ; ಹೆಸರುವಾಸಿ ಸರಣಿ ಹೋಟೆಲುಗಳಲ್ಲಿ ಅಲ್ಲ. ಅಂದರೆ ಜನರಿಗೆ ಹೆಸರು ಗೊತ್ತಿಲ್ಲದ ಸಣ್ಣವನಿಗೇ ಸ್ಟಾರಿನ ಅಗತ್ಯ ಹೆಚ್ಚು.

2014ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂ ಪತ್ರಿಕೆಯಲ್ಲಿ ಬಂದ ಮತ್ತೊಂದು ಅಧ್ಯಯನ ಇದರ ಇನ್ನೊಂದು ಮುಖವನ್ನು ತೋರಿಸಿತು. ವಾಸ್ತವ್ಯ ಮಾಡಿದವರು ಮಾತ್ರ ಬರೆಯಬಹುದಾದ ಎಕ್ಸ್‌ಪೀಡಿಯಾ ತಾಣವನ್ನೂ, ಯಾರು ಬೇಕಾದರೂ ಬರೆಯಬಹುದಾಗಿದ್ದ ಟ್ರಿಪ್‌ಅಡ್ವೈಸರ್ ತಾಣವನ್ನೂ ಸಂಶೋಧಕರು ಹೋಲಿಸಿದರು. ಎರಡನೆಯದರಲ್ಲಿ, ಸಣ್ಣ ಮಾಲಿಕರ ಸ್ವತಂತ್ರ ಲಾಡ್ಜುಗಳಿಗೆ ಹೊಗಳಿಕೆಯೂ ಅವುಗಳ ನೆರೆಯ ಲಾಡ್ಜುಗಳಿಗೆ ತೆಗಳಿಕೆಯೂ ಹೆಚ್ಚಾಗಿದ್ದವು. ಸಣ್ಣ ವ್ಯಾಪಾರಿಗೆ ಆಮಿಷ ಹೆಚ್ಚು. ನೆರೆಯವನ ಕೈಯಲ್ಲಿ ಅದೇ ಆಯುಧದಿಂದ ಪೆಟ್ಟು ತಿನ್ನುವವನೂ ಸಣ್ಣ ವ್ಯಾಪಾರಿಯೇ.

ಬೆಳವಣಿಗೆ ಎಷ್ಟು ದಿನ?

ಹಣ ಕೊಟ್ಟು ಬರೆಸಿದ ಅಭಿಪ್ರಾಯಗಳ ಫಲವನ್ನು ನೇರವಾಗಿ ಅಳೆದವರು ಷೆರ್ರಿ ಹೆ, ಬ್ರೆಟ್ ಹಾಲೆನ್‌ಬೆಕ್ ಮತ್ತು ಡೇವಿಡೆ ಪ್ರೊಸೆರ್ಪಿಯೊ ಎಂಬ ಸಂಶೋಧಕರು. ಫೇಸ್‌ಬುಕ್ ಗುಂಪುಗಳಲ್ಲಿ ಬಹಿರಂಗವಾಗಿ ಅಭಿಪ್ರಾಯ ಕೊಳ್ಳುತ್ತಿದ್ದ ಮಾರಾಟಗಾರರ ಸುಮಾರು 1,500 ಸರಕುಗಳನ್ನು ಅಮೆಜಾನ್ ತಾಣದಲ್ಲಿ ಹಿಂಬಾಲಿಸಿ ಅವರು ನಡೆಸಿದ ಅಧ್ಯಯನ 2022ರಲ್ಲಿ ಮಾರ್ಕೆಟಿಂಗ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅದರ ಮೊದಲ ಫಲಿತಾಂಶ ಅಭಿಪ್ರಾಯ ಮಾರುವವರ ಪರವಾಗಿಯೇ ಇದೆ. ಅಭಿಪ್ರಾಯಗಳನ್ನು ಕೊಂಡ ಕೂಡಲೇ ಸ್ಟಾರುಗಳ ಸರಾಸರಿ ಏರಿತು, ಮಾರಾಟವೂ ಏರಿತು. ಎರಡನೆಯ ಫಲಿತಾಂಶವನ್ನು ಅವರು ಯಾರಿಗೂ ಹೇಳುವುದಿಲ್ಲ. ಕೊಳ್ಳುವುದನ್ನು ನಿಲ್ಲಿಸಿದ ಮೇಲೆ ಸರಾಸರಿ ಇಳಿಯತೊಡಗಿತು, ಒಂದು ಸ್ಟಾರಿನ ಅಭಿಪ್ರಾಯಗಳ ಪ್ರಮಾಣ ಏರತೊಡಗಿತು. ಹೊಗಳಿಕೆಯನ್ನು ನಂಬಿ ಕೊಂಡವರು ಸರಕನ್ನು ಕೈಯಲ್ಲಿ ಹಿಡಿದು, ತಮಗಾದ ನಿರಾಶೆಯನ್ನು ಅದೇ ಜಾಗದಲ್ಲಿ ಬರೆದಿದ್ದರು.

ಇದನ್ನು ಸರಳವಾದ ಅಂಕಿಗಳಲ್ಲಿ ನೋಡಬಹುದು. ಒಂದು ಸರಕಿಗೆ ನಿಜವಾದ 20 ಅಭಿಪ್ರಾಯಗಳಿದ್ದು ಸರಾಸರಿ 3.6 ಇದೆ ಎಂದಿಟ್ಟುಕೊಳ್ಳೋಣ. ಮಾಲಿಕನು ಐದು ಸ್ಟಾರಿನ 100 ಅಭಿಪ್ರಾಯಗಳನ್ನು ಕೊಂಡರೆ ಸರಾಸರಿ ಸುಮಾರು 4.8ಕ್ಕೆ ಏರುತ್ತದೆ. ಅದನ್ನು ಕಂಡು ಬಂದ ಹೊಸ ಗಿರಾಕಿಗಳಲ್ಲಿ 30 ಮಂದಿ ನಿರಾಶರಾಗಿ ಸರಾಸರಿ 2.8 ಹಾಕುತ್ತಾರೆ. ಕೆಲ ತಿಂಗಳ ಬಳಿಕ ತಾಣದವರು ಕೊಂಡ 100 ಅಭಿಪ್ರಾಯಗಳನ್ನು ಅಳಿಸುತ್ತಾರೆ. ಉಳಿಯುವುದು 50 ನಿಜವಾದ ಅಭಿಪ್ರಾಯಗಳು, ಅವುಗಳ ಸರಾಸರಿ 3.1. ಏನೂ ಮಾಡದೆ ಸುಮ್ಮನಿದ್ದಿದ್ದರೆ ಇರುತ್ತಿದ್ದ 3.6ಕ್ಕಿಂತ ಇದು ಕಡಿಮೆ. ಖರ್ಚು ಮಾಡಿ ಇಳಿದಂತಾಯಿತು.

ನೂರು ಅಭಿಪ್ರಾಯಗಳ ಲೆಕ್ಕ

ಇನ್ನು ವೆಚ್ಚದ ಮಾತು. ಈ ವ್ಯವಹಾರ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ: ಗೊತ್ತುಮಾಡಿದ ವ್ಯಕ್ತಿ ಸರಕನ್ನು ಪೂರ್ಣ ಬೆಲೆ ಕೊಟ್ಟು ತಾಣದಲ್ಲಿ ಕೊಳ್ಳುತ್ತಾನೆ, ಐದು ಸ್ಟಾರ್ ಹಾಕುತ್ತಾನೆ, ಆ ಬಳಿಕ ಮಾರಾಟಗಾರನು ಅವನಿಗೆ ಬೆಲೆಯನ್ನು ತಾಣದ ಹೊರಗೆ ಮರಳಿಸುತ್ತಾನೆ. ದಲ್ಲಾಳಿಗೆ ಕಮಿಷನ್ ಬೇರೆ.

ಉದಾಹರಣೆಗೆ ₹400 ಬೆಲೆಯ ಒಂದು ಸರಕನ್ನು ತೆಗೆದುಕೊಳ್ಳೋಣ. ಲೆಕ್ಕ ಸುಲಭವಾಗಲೆಂದು ತೆರಿಗೆಯನ್ನು ಬಿಟ್ಟಿದೆ. ತಯಾರಿಕೆಯ ವೆಚ್ಚ ₹180. ತಾಣದ ಕಮಿಷನ್ ಮತ್ತು ಸಾಗಣೆ ₹120. ನಿಜವಾದ ಒಂದು ಮಾರಾಟದಿಂದ ಉಳಿಯುವುದು ₹100. ಕೊಂಡ ಅಭಿಪ್ರಾಯದ ಪ್ರಸಂಗದಲ್ಲಿ ತಾಣದಿಂದ ಬರುವುದು ₹280. ಹೋಗುವುದು ಸರಕಿನ ವೆಚ್ಚ ₹180, ಮರಳಿಸಿದ ಬೆಲೆ ₹400, ದಲ್ಲಾಳಿಗೆ ₹100, ಒಟ್ಟು ₹680. ನಿವ್ವಳ ನಷ್ಟ ಒಂದು ಅಭಿಪ್ರಾಯಕ್ಕೆ ₹400. ದಲ್ಲಾಳಿ ಹೇಳಿದ ದರ ₹100 ಮಾತ್ರ. ಮಾಲಿಕನಿಗೆ ತಗಲಿದ್ದು ಅದರ ನಾಲ್ಕು ಪಟ್ಟು. ನೂರು ಅಭಿಪ್ರಾಯಗಳಿಗೆ ₹40,000. ಅದನ್ನು ಮರಳಿ ಪಡೆಯಲು 400 ಹೆಚ್ಚುವರಿ ನಿಜವಾದ ಮಾರಾಟಗಳು ಆಗಬೇಕು. ನಿರಾಶರಾದವರು ಸರಕನ್ನು ಹಿಂದಿರುಗಿಸಿದರೆ ಅದರ ಸಾಗಣೆಯ ಹೊರೆಯೂ ಇದಕ್ಕೆ ಸೇರುತ್ತದೆ.

ಇದಕ್ಕಿಂತ ಕಠಿಣವಾದ ಪ್ರಶ್ನೆ ಲೆಕ್ಕಪುಸ್ತಕದ್ದು. ತಾಣದ ಮೂಲಕ ನಡೆದ ಮಾರಾಟಕ್ಕೆ ಬಿಲ್ಲು ಆಗಿದೆ, ಜಿಎಸ್‌ಟಿ ವಿವರಣೆಯಲ್ಲಿ ಅದು ಕಾಣುತ್ತದೆ. ಮರಳಿಸಿದ ₹400ಕ್ಕೆ ಯಾವ ಶೀರ್ಷಿಕೆ ಕೊಡುವುದು? ಸರಕು ಹಿಂದಿರುಗಿಲ್ಲ, ಅದರಲ್ಲಿ ಕೊರತೆಯೂ ಇರಲಿಲ್ಲ. ಆದುದರಿಂದ ಕ್ರೆಡಿಟ್ ನೋಟ್ ಬರೆಯಲು ಆಧಾರವಿಲ್ಲ. ಪೂರ್ಣ ಬೆಲೆಯ ಮೇಲಿನ ತೆರಿಗೆಯನ್ನು ಕಟ್ಟಲೇಬೇಕು. ಮರಳಿಸಿದ್ದನ್ನೂ ದಲ್ಲಾಳಿಗೆ ಕೊಟ್ಟದ್ದನ್ನೂ ಬರೆಯದೆ ಬಿಟ್ಟರೆ, ₹400 ನಷ್ಟವಾದ ಪ್ರತಿ ವ್ಯವಹಾರವೂ ಪುಸ್ತಕದಲ್ಲಿ ₹100 ಲಾಭವಾಗಿ ಕಾಣುತ್ತದೆ. ನೂರು ವ್ಯವಹಾರಗಳಿಗೆ ಇಲ್ಲದ ₹10,000 ಲಾಭದ ಮೇಲೆ ಆದಾಯ ತೆರಿಗೆ. ಅದಲ್ಲದೆ ಮರಳಿಸಿದ ಹಣ ಎಲ್ಲಿಂದ ಬಂತೆಂಬ ಪ್ರಶ್ನೆಯೂ ಬಾಕಿ ಉಳಿಯುತ್ತದೆ. ಪ್ರಚಾರದ ಖರ್ಚೆಂದು ಬರೆದರೆ, ಅಭಿಪ್ರಾಯಗಳನ್ನು ಕೊಂಡದ್ದಕ್ಕೆ ಸಾಕ್ಷ್ಯವನ್ನು ವರ್ತಕನೇ ಸ್ವಹಸ್ತದಿಂದ ಬರೆದಿಟ್ಟಂತೆ. ಕಾನೂನು ನಿಷೇಧಿಸಿದ ಕಾರ್ಯಕ್ಕೆ ಮಾಡಿದ ಖರ್ಚನ್ನು ವ್ಯಾಪಾರದ ಖರ್ಚೆಂದು ಕಳೆಯಲು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಲೆಕ್ಕಪುಸ್ತಕದಲ್ಲಿ ನಿಜವಾದ ಹೆಸರಿನಿಂದ ಬರೆಯಲಾಗದ ಖರ್ಚು ವ್ಯಾಪಾರದಲ್ಲಿ ಸಲ್ಲದ ಖರ್ಚು ಎಂಬ ಹಿರಿಯ ಲೆಕ್ಕಿಗರ ಸೂತ್ರ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ.

ಒಳ್ಳೆಯ ಸರಕೂ ಮುಳುಗಿತು

ಕಳಪೆ ಸರಕಿನವನಿಗೆ ಈ ಗತಿ ಸರಿ, ಒಳ್ಳೆಯ ಸರಕಿನವನು ಆರಂಭದ ಒಂದು ನೂಕಿಗಾಗಿ ಅಭಿಪ್ರಾಯ ಕೊಂಡರೆ ತಪ್ಪೇನು ಎಂದು ಕೇಳುವವರಿದ್ದಾರೆ. ಚೀನಾದ ಶೆನ್‌ಜೆನ್ ನಗರದ ಮಾರಾಟಗಾರರ ಅನುಭವ ಇದಕ್ಕೆ ಉತ್ತರ.

ಔಕೀ, ಎಂಪೌ, ರಾವ್‌ಪವರ್ ಎಂಬ ಹೆಸರುಗಳಲ್ಲಿ ಚಾರ್ಜರ್, ಪವರ್ ಬ್ಯಾಂಕ್, ಇಯರ್‌ಫೋನ್ ಮಾರುತ್ತಿದ್ದ ಸಂಸ್ಥೆಗಳು ಅಮೆಜಾನ್ ತಾಣದಲ್ಲಿಯೇ ದೊಡ್ಡದಾಗಿ ಬೆಳೆದಿದ್ದವು. ಅವುಗಳ ಸರಕು ಕಳಪೆಯೆಂಬ ಹೆಸರು ಇರಲಿಲ್ಲ. ಅನೇಕ ಗ್ರಾಹಕರು ನಂಬಿ ಕೊಳ್ಳುತ್ತಿದ್ದರು. 2021ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಇವುಗಳ ಸರಕು ತಾಣದಿಂದ ಒಮ್ಮೆಗೇ ಕಣ್ಮರೆಯಾಯಿತು. ರಾವ್‌ಪವರ್ ಸರಕಿನ ಪೆಟ್ಟಿಗೆಯಲ್ಲಿ ಅಭಿಪ್ರಾಯ ಬರೆದರೆ 35 ಡಾಲರಿನ ಉಡುಗೊರೆ ಕಾರ್ಡು ಕೊಡುವುದಾಗಿ ಹೇಳುವ ಚೀಟಿ ಇದ್ದುದನ್ನು ಅಮೆರಿಕದ ಪತ್ರಿಕೆಯೊಂದು ಬಯಲಿಗೆ ತಂದಿತ್ತು. ನಿಯಮಗಳನ್ನು ಪದೇ ಪದೇ ಮುರಿದ ಕಾರಣಕ್ಕೆ ಸುಮಾರು 600 ಚೀನೀ ಬ್ರಾಂಡುಗಳ 3,000 ಮಾರಾಟ ಖಾತೆಗಳನ್ನು ಮುಚ್ಚಿರುವುದಾಗಿ ಅಮೆಜಾನ್ ಅದೇ ವರ್ಷದ ಸೆಪ್ಟೆಂಬರಿನಲ್ಲಿ ತಿಳಿಸಿತು. ವರ್ಷಗಳ ಕಾಲ ಕೂಡಿದ್ದ ನಿಜವಾದ ಗ್ರಾಹಕರ ಸಾವಿರಾರು ಒಳ್ಳೆಯ ಮಾತುಗಳೂ ಕೊಂಡ ಮಾತುಗಳ ಜೊತೆಯಲ್ಲಿಯೇ ಹೋದವು. ಒಂದೇ ತಾಣವನ್ನು ನಂಬಿ ಗೋದಾಮು ತುಂಬಿಸಿಟ್ಟ ಸಣ್ಣ ವರ್ತಕನಿಗೆ ಖಾತೆ ಮುಚ್ಚುವುದೆಂದರೆ ಅಂಗಡಿಯ ಬಾಗಿಲಿಗೆ ಬೀಗ ಬಿದ್ದಂತೆಯೇ ಸರಿ.

ದೊಡ್ಡವರೂ ಇದರಿಂದ ಪಾರಾಗಿಲ್ಲ. ಅಂತರಜಾಲದಲ್ಲಿ ತನ್ನ ಫೋನುಗಳನ್ನು ಹೊಗಳಿ, ಪ್ರತಿಸ್ಪರ್ಧಿ ಎಚ್‌ಟಿಸಿಯ ಫೋನುಗಳನ್ನು ತೆಗಳಿ ಬರೆಯಲು ಹಣ ಕೊಟ್ಟು ಜನರನ್ನು ನೇಮಿಸಿದ್ದಕ್ಕಾಗಿ ಸ್ಯಾಮ್‌ಸಂಗ್ ಸಂಸ್ಥೆಗೆ ತೈವಾನಿನ ನ್ಯಾಯ ವಾಣಿಜ್ಯ ಆಯೋಗ 2013ರ ಅಕ್ಟೋಬರಿನಲ್ಲಿ 1 ಕೋಟಿ ತೈವಾನ್ ಡಾಲರುಗಳ ದಂಡ ವಿಧಿಸಿತು. ಸ್ಯಾಮ್‌ಸಂಗಿಗೆ ಆ ದಂಡ ದೊಡ್ಡದಲ್ಲ. ಸಣ್ಣ ಉದ್ದಿಮೆಗೆ ಅಂಥದೊಂದು ಪೆಟ್ಟು ತಾಳಿಕೊಳ್ಳುವ ಶಕ್ತಿಯಿರುವುದಿಲ್ಲ.

ಕಾನೂನು ಎಲ್ಲಿಗೆ ಬಂದಿದೆ?

ನಮ್ಮ ದೇಶದಲ್ಲಿ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳು 2020ರ ಜುಲೈನಲ್ಲಿ ಜಾರಿಗೆ ಬಂದವು. ಮಾರಾಟಗಾರನು ತಾನೇ ಗ್ರಾಹಕನೆಂದು ಸುಳ್ಳು ಹೇಳಿಕೊಂಡು ಸರಕಿನ ಬಗ್ಗೆ ಅಭಿಪ್ರಾಯ ಬರೆಯಬಾರದು ಎಂದು ಅದರ 6ನೆಯ ನಿಯಮ ಸ್ಪಷ್ಟವಾಗಿ ಹೇಳುತ್ತದೆ. 2022ರ ಜೂನ್ 9ರಂದು ಹೊರಬಂದ ಮಾರ್ಗಸೂಚಿಗಳು, ಹೊಗಳುವವನಿಗೂ ಸರಕಿನ ಮಾಲಿಕನಿಗೂ ಹಣದ ಅಥವಾ ಇತರ ಸಂಬಂಧವಿದ್ದರೆ ಅದನ್ನು ತಿಳಿಯಪಡಿಸಬೇಕೆನ್ನುತ್ತವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 21ನೆಯ ಪ್ರಕರಣದ ಅನ್ವಯ, ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ತಯಾರಕನಿಗೂ ಹೊಗಳಿದವನಿಗೂ ₹10 ಲಕ್ಷದವರೆಗೆ, ಮರುಕಳಿಸಿದರೆ ₹50 ಲಕ್ಷದವರೆಗೆ ದಂಡ ವಿಧಿಸಬಹುದು.

2022ರ ನವೆಂಬರಿನಲ್ಲಿ ಭಾರತೀಯ ಮಾನಕ ಬ್ಯೂರೋ ಐಎಸ್ 19000:2022 ಎಂಬ ಮಾನಕವನ್ನು ಹೊರತಂದಿತು. ಅಂತರಜಾಲದಲ್ಲಿ ಗ್ರಾಹಕರ ಅಭಿಪ್ರಾಯಗಳನ್ನು ಸಂಗ್ರಹಿಸುವ, ಪರಿಶೀಲಿಸುವ ಮತ್ತು ಪ್ರಕಟಿಸುವ ರೀತಿಯನ್ನು ಅದು ನಿರೂಪಿಸುತ್ತದೆ. ಆರಂಭದಲ್ಲಿ ಇದನ್ನು ಸ್ವಯಂಪ್ರೇರಿತ ಮಾನಕವಾಗಿ ಇಡಲಾಯಿತು. ಕಡ್ಡಾಯಗೊಳಿಸುವ ಪ್ರಸ್ತಾವವನ್ನು ಕೇಂದ್ರ ಸರಕಾರ 2024ರಲ್ಲಿ ಮುಂದಿಟ್ಟಿತು.

ರಫ್ತು ಮಾಡುವವರು ಹೊರದೇಶಗಳ ಕಾನೂನನ್ನೂ ಗಮನಿಸಬೇಕು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ರೂಪಿಸಿದ ನಿಯಮ 2024ರ ಅಕ್ಟೋಬರ್ 21ರಿಂದ ಜಾರಿಗೆ ಬಂದಿದೆ. ಸುಳ್ಳು ಅಭಿಪ್ರಾಯಗಳನ್ನು ಮಾರುವುದು ಮಾತ್ರವಲ್ಲ, ಕೊಳ್ಳುವುದೂ ಅದರಡಿ ಉಲ್ಲಂಘನೆ. ಬ್ರಿಟನ್ನಿನಲ್ಲಿ 2024ರ ಕಾಯ್ದೆಯೊಂದರ ಗ್ರಾಹಕ ಸಂರಕ್ಷಣೆಯ ಭಾಗ 2025ರ ಏಪ್ರಿಲ್ 6ರಂದು ಜಾರಿಗೆ ಬಂದಿದ್ದು, ಸಂಸ್ಥೆಯ ಜಾಗತಿಕ ವಹಿವಾಟಿನ ಶೇ. 10ರವರೆಗೆ ದಂಡಕ್ಕೆ ಅವಕಾಶ ಕೊಟ್ಟಿದೆ.

‘ಹೊರಗಿನವರಿಗೆ ಹಣ ಕೊಟ್ಟಿಲ್ಲ, ಮನೆಯವರು ಮತ್ತು ನೌಕರರು ಬರೆದರು’ ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಲೈಫ್‌ಸ್ಟೈಲ್ ಲಿಫ್ಟ್ ಎಂಬ ಅಮೆರಿಕದ ಸಂಸ್ಥೆ ತನ್ನ ನೌಕರರಿಂದ ಗ್ರಾಹಕರ ವೇಷದಲ್ಲಿ ಹೊಗಳಿಕೆ ಬರೆಸಿದ್ದಕ್ಕಾಗಿ 2009ರಲ್ಲಿ ನ್ಯೂಯಾರ್ಕ್ ರಾಜ್ಯಕ್ಕೆ 3 ಲಕ್ಷ ಡಾಲರ್ ತೆರಬೇಕಾಯಿತು. ಕೆಲಸ ಏಜೆನ್ಸಿಯವರದು, ತನಗೆ ತಿಳಿಯದು ಎನ್ನುವ ಮಾಲಿಕನ ಮಾತಿಗೂ ಹೆಚ್ಚು ಬಲವಿಲ್ಲ. ಸರಕು ಅವನದು, ಲಾಭವೂ ಅವನದೇ.

ಹಾಗಾದರೆ ಮೊದಲ ಗಿರಾಕಿ ಎಲ್ಲಿಂದ?

ಹೊಸ ಅಂಗಡಿಯ ಸಂಕಟ ನಿಜವಾದುದರಿಂದ ‘ಕೊಳ್ಳಬೇಡಿ’ ಎಂದಷ್ಟೇ ಹೇಳಿ ಮುಗಿಸುವಂತಿಲ್ಲ. ನೇರವಾದ ದಾರಿಗಳು ನಿಧಾನವಾದರೂ ಇವೆ.

ಮೊದಲನೆಯದು, ಈಗಾಗಲೇ ಇರುವ ಗಿರಾಕಿಗಳು. ಅಂಗಡಿಯಲ್ಲಿ, ಡೀಲರುಗಳ ಮೂಲಕ, ಮೇಳಗಳಲ್ಲಿ ಹತ್ತಾರು ವರ್ಷ ಮಾರಿದವನಿಗೆ ತೃಪ್ತ ಗ್ರಾಹಕರಿದ್ದೇ ಇರುತ್ತಾರೆ. ಮುಂದಿನ ಖರೀದಿಯನ್ನು ತಾಣದಲ್ಲಿ ಮಾಡುವಂತೆ ಅವರನ್ನು ಕೇಳಬಹುದು. ಬೆಲೆ ಅವರೇ ಕೊಡಬೇಕು, ಮಾತೂ ಅವರದೇ ಆಗಿರಬೇಕು.

ಎರಡನೆಯದು, ಕೊಂಡ ಪ್ರತಿಯೊಬ್ಬರಿಂದಲೂ ಅಭಿಪ್ರಾಯ ಕೇಳುವುದು. ಮೆಚ್ಚಿದವರನ್ನು ಮಾತ್ರ ಆರಿಸಿ ಕೇಳಬಾರದು. ‘ಒಳ್ಳೆಯದನ್ನೇ ಬರೆಯಿರಿ’ ಎನ್ನಬಾರದು. ಪ್ರತಿಫಲದ ಆಸೆ ತೋರಿಸಬಾರದು. ನೇರವಾಗಿ ಕೇಳಿದರೆ ಬರೆಯುವವರು ಇದ್ದಾರೆ. ಹೆಚ್ಚಿನವರು ಬರೆಯದಿರುವುದು ಕೇಳುವವರಿಲ್ಲದ ಕಾರಣಕ್ಕೆ.

ಮೂರನೆಯದು, ಬಹಿರಂಗವಾದ ಮಾದರಿ ಹಂಚಿಕೆ. ಅಮೆಜಾನ್ 2016ರ ಅಕ್ಟೋಬರಿನಲ್ಲಿ ಉಚಿತ ಸರಕಿಗೆ ಪ್ರತಿಯಾಗಿ ಬರೆಸುವ ಅಭಿಪ್ರಾಯಗಳನ್ನು ನಿಷೇಧಿಸಿ, ತಾನೇ ನಡೆಸುವ ವೈನ್ ಎಂಬ ಯೋಜನೆಯನ್ನು ಉಳಿಸಿಕೊಂಡಿತು. ಅದರಲ್ಲಿ ಬರೆಯುವವರನ್ನು ತಾಣವೇ ಆರಿಸುತ್ತದೆ. ಸರಕು ಉಚಿತವಾಗಿ ಸಿಕ್ಕಿದ್ದೆಂಬುದು ಓದುವವನಿಗೆ ಕಾಣುತ್ತದೆ. ತೆಗಳಿಕೆ ಬಂದರೂ ಮಾರಾಟಗಾರ ಸಹಿಸಬೇಕು. ಇಂಥ ಮಾದರಿಗಳನ್ನು ಕೊಡುವಾಗ ಲೆಕ್ಕದ ಎರಡು ಅಂಶಗಳು ನೆನಪಿರಲಿ. ಉಚಿತ ಮಾದರಿಯಾಗಿ ಕೊಟ್ಟ ಸರಕಿನ ಮೇಲೆ ಜಿಎಸ್‌ಟಿ ಕಾಯ್ದೆಯ 17(5) ಪ್ರಕರಣದಂತೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಪ್ರಚಾರ ಮಾಡುವವರು ತಮ್ಮಲ್ಲಿಯೇ ಉಳಿಸಿಕೊಳ್ಳುವ ಸರಕಿನ ಮೌಲ್ಯ ವರ್ಷಕ್ಕೆ ₹20,000 ಮೀರಿದರೆ ಮೂಲದಲ್ಲಿ ಶೇ. 10 ತೆರಿಗೆ ಕಡಿತ ಮಾಡಬೇಕೆಂಬ ನಿಯಮ 2022ರ ಜುಲೈ 1ರಿಂದ ಬಂದಿದೆ. ಸಣ್ಣ ವಹಿವಾಟಿನ ವೈಯಕ್ತಿಕ ವರ್ತಕರಿಗೆ ಇದರಿಂದ ವಿನಾಯಿತಿಯುಂಟು.

ನಾಲ್ಕನೆಯದು, ದೂರಿಗೆ ಉತ್ತರ. ಒಂದು ಸ್ಟಾರಿನ ಕೆಳಗೆ ಮಾಲಿಕನು ಸೌಜನ್ಯದಿಂದ ಬರೆದ ಉತ್ತರ, ಬದಲಿ ಸರಕು ಕಳಿಸಿದ ವಿವರ, ಮುಂದಿನ ಗಿರಾಕಿಗೆ ಐದು ಸ್ಟಾರಿಗಿಂತ ಹೆಚ್ಚು ಧೈರ್ಯ ಕೊಡಬಲ್ಲದು. ದೂರುಗಳು ಪುಕ್ಕಟೆಯಾಗಿ ಸಿಗುವ ಗುಣಮಟ್ಟದ ವರದಿ. ಡಬ್ಬಿಯ ಮುಚ್ಚಳ ಸೋರುತ್ತದೆ ಎಂದು ಆರು ಮಂದಿ ಬರೆದರೆ ₹40,000 ಹೋಗಬೇಕಾದುದು ಮುಚ್ಚಳಕ್ಕೆ, ದಲ್ಲಾಳಿಗಲ್ಲ.

ಕೊನೆಯದಾಗಿ, ಪ್ರಚಾರದ ಏಜೆನ್ಸಿಯೊಡನೆ ಒಪ್ಪಂದ ಮಾಡಿಕೊಳ್ಳುವಾಗ ಏನೇನು ಕೆಲಸ ಮಾಡುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಬೇಕು. ಹಣ ಕೊಟ್ಟು ಅಭಿಪ್ರಾಯ ಬರೆಸುವುದಿಲ್ಲ ಎಂಬ ಷರತ್ತು ಅದರಲ್ಲಿರಬೇಕು. ಬಿಲ್ಲಿನಲ್ಲಿ ‘ಇತರ ಸೇವೆ’ ಎಂಬ ಸಾಲು ಕಂಡರೆ ಅದರ ವಿವರ ಕೇಳಬೇಕು. ಒಂದೇ ವಾರದಲ್ಲಿ ಐವತ್ತು ಹೊಗಳಿಕೆ ಬಂದರೆ ಹಿಗ್ಗುವ ಬದಲು ವಿಚಾರಿಸಬೇಕು.

ಉಳಿಯುವ ಬಂಡವಾಳ

ಹಣ ಕೊಟ್ಟು ತಂದ ಮಂದಿಯಿಂದ ವ್ಯಾಪಾರ ಕೆಲ ಕಾಲ ಬೆಳೆದಂತೆ ತೋರುತ್ತದೆ ಎಂಬುದು ಸುಳ್ಳಲ್ಲ. ಆದರೆ ಹಣ ನಿಂತ ದಿನ ಆ ಮಂದಿಯೂ ನಿಲ್ಲುತ್ತಾರೆ. ಅವರು ಎರಡನೆಯ ಸಲ ಕೊಳ್ಳಲು ಬರುವುದಿಲ್ಲ, ನೆರೆಯವರಿಗೆ ಹೇಳುವುದಿಲ್ಲ, ಸರಕಿನ ಕೊರತೆಯನ್ನು ತಿಳಿಸುವುದೂ ಇಲ್ಲ. ನಿಜವಾದ ಗಿರಾಕಿಯಿಂದ ವರ್ತಕನಿಗೆ ದೊರೆಯುವ ಮೂರು ಲಾಭಗಳೂ ಅವರಿಂದ ದೊರೆಯವು.

ವ್ಯಾಪಾರದ ಸದ್ಭಾವನೆಯನ್ನು ಲೆಕ್ಕಶಾಸ್ತ್ರ ಆಸ್ತಿಯೆಂದು ಕರೆಯುತ್ತದೆ. ಆದರೆ ಸ್ವಂತವಾಗಿ ಗಳಿಸಿದ ಸದ್ಭಾವನೆಯನ್ನು ಆಸ್ತಿಪಟ್ಟಿಯಲ್ಲಿ ತೋರಿಸಲು ಅದು ಬಿಡುವುದಿಲ್ಲ, ಏಕೆಂದರೆ ಅದರ ಬೆಲೆಯನ್ನು ನಂಬಲರ್ಹವಾಗಿ ಅಳೆಯಲು ಬಾರದು. ಅಳತೆಗೆ ಸಿಗದ ಆ ಆಸ್ತಿಯನ್ನು ನೂರಕ್ಕೆ ಇಷ್ಟೆಂದು ಮಾರುವವರು ಬಂದಾಗ ವರ್ತಕನು ಒಂದು ಗಳಿಗೆ ನಿಂತು ಯೋಚಿಸುವುದು ಲೇಸು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇಲ್ಲಿ ಸಲ್ಲುತ್ತದೆ. ಆ ದೊಣ್ಣೆಯನ್ನು ಸ್ವಂತ ಹಣ ಕೊಟ್ಟು ತರಿಸುವ ಅಗತ್ಯ ಕುಂಬಾರನಿಗಿಲ್ಲ.